ಅಕ್ಟೋಬರ್ 2015ರ ಆ ಮೆಟ್ಟಿಲು

ಗುಂಪು: ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಹಳೇ ಬ್ಯಾಚ್

ಹರ್ಷ: [ಚಿತ್ರ] ಅಮೆರಿಕದ ಆಸ್ಪತ್ರೆಗಳ ಡಿಸ್ಚಾರ್ಜ್ ಡೇಟಾದಿಂದ ತೆಗೆದ ಓಪಿಯಾಯ್ಡ್ (ಅಫೀಮು ಜಾತಿಯ ಔಷಧಿ) ಕೇಸುಗಳ ಗ್ರಾಫ್. 2015ರ ಕೊನೇ ಮೂರು ತಿಂಗಳು ನೋಡ್ರಪ್ಪ, ಒಂದೇ ಏಟಿಗೆ ಸುಮಾರು 14% ಮೇಲೆ. ಮಾತ್ರೆ ಕಂಪನಿಗಳು ಮಾಡಿದ ಅನಾಹುತಕ್ಕೆ ಇನ್ನೇನು ಸಾಕ್ಷಿ ಬೇಕು?

ವೀಣಾ: ಬೇಕು. 2015ರ ಅಕ್ಟೋಬರ್ 1ಕ್ಕೆ ಅಲ್ಲಿ ರೋಗಗಳಿಗೆ ಕೋಡು ಹಾಕೋ ಪದ್ಧತಿ ಬದಲಾಯ್ತು, ಐಸಿಡಿ-9 ಹೋಗಿ ಐಸಿಡಿ-10 ಬಂತು. ಗ್ರಾಫಿನಲ್ಲಿ ಒಮ್ಮೆಲೇ ಏರಿದ ನಿನ್ನ ಮೆಟ್ಟಿಲು ಸರಿಯಾಗಿ ಆ ದಿನಾಂಕದ ಮೇಲೇ ಕೂತಿದೆ.

ಹರ್ಷ: ಕೋಡ್ ಬದಲಾದ್ರೆ ರೋಗಿ ಹುಟ್ಕೊಳ್ತಾನಾ?

ವೀಣಾ: ರೋಗಿ ಮೊದಲೂ ಇದ್ದ, ಎಣಿಕೆಗೆ ಸಿಗ್ತಿರಲಿಲ್ಲ. ಡಾಕ್ಟರು ಬರೆದುಕೊಟ್ಟ ನೋವಿನ ಮಾತ್ರೆಯನ್ನ ಹೇಳಿದ ಪ್ರಮಾಣದಲ್ಲೇ ನುಂಗಿ ಮಲಬದ್ಧತೆ ಆಯ್ತು ಅನ್ನು. ಹಳೇ ಪದ್ಧತೀಲಿ ಮಲಬದ್ಧತೆಗೆ ಒಂದು ಕೋಡು, ಯಾವ ಔಷಧಿಯಿಂದ ಅನ್ನೋದಕ್ಕೆ ಇ935 ಅನ್ನೋ ಬಾಹ್ಯ ಕಾರಣದ ಕೋಡು. ಕಡ್ಡಾಯ ಇಲ್ಲದ ಕಡೆ ಆ ಎರಡನೇದನ್ನ ಬಿಟ್ಟೇಬಿಡೋರು. ಹಾಕಿದ್ರೂ ಫೈಲಿನಲ್ಲಿ ಅದಕ್ಕೆ ಬೇರೆ ಕಾಲಂ. ಹೊಸ ಪದ್ಧತೀಲಿ ಅದೇ ವಿಷಯ ಟಿ40.2ಎಕ್ಸ್5 ಆಗಿ ರೋಗನಿದಾನದ ಕಾಲಂಗೇ ಬಂತು. ಇನ್ನೊಂದು ಎಫ್11.9: ಚಟವೂ ಅಲ್ಲ, ದುರ್ಬಳಕೆಯೂ ಅಲ್ಲ, ಬರೀ 'ಬಳಕೆ'. ಐಸಿಡಿ-9ರಲ್ಲಿ ಅದಕ್ಕೆ ಜೋಡಿನೇ ಇರಲಿಲ್ಲ.

ಹರ್ಷ: ಸೆಪ್ಟೆಂಬರ್ ಕೊನೇಲಿ ಸೇರಿ ಅಕ್ಟೋಬರಲ್ಲಿ ಮನೆಗೆ ಹೋದವರು?

ವೀಣಾ: ಡಿಸ್ಚಾರ್ಜ್ ದಿನಾಂಕವೇ ಲೆಕ್ಕ. ಸೆಪ್ಟೆಂಬರ್ 28ಕ್ಕೆ ಸೇರಿ ಅಕ್ಟೋಬರ್ 2ಕ್ಕೆ ಬಿಟ್ರೆ ಪೂರಾ ಕೇಸು ಐಸಿಡಿ-10ರಲ್ಲೇ. ಹೆಸರೇ ಡಿಸ್ಚಾರ್ಜ್ ಡೇಟಾ ಅಲ್ವಾ.

ನಾಗು ಹುಬ್ಬಳ್ಳಿ: ಅಂದ್ರ ಇದು ಬಿಲ್ ಬರಿಯೋರ ಲೆಕ್ಕ, ರೋಗದ ಲೆಕ್ಕ ಅಲ್ಲ. ಹಂಗಾದ್ರ ರೊಕ್ಕ ಕೊಡಲಾರದವರು ಇದರಾಗ ಇರೋದ ಇಲ್ಲೇನು?

ಶ್ರೀಧರ ಆಸ್ಟಿನ್: ಇರ್ತಾರೆ ನಾಗು. ಬಿಲ್ಲಿನ ನಮೂನೆ ಬಳಸ್ತಾರೆ ನಿಜ, ಆದ್ರೆ ವಿಮೆ ಇಲ್ಲದವರು, ಧರ್ಮಾರ್ಥ ಚಿಕಿತ್ಸೆ ಪಡೆದವರು, ಎಲ್ಲರದ್ದೂ ಅದೇ ನಮೂನೇಲಿ ಕೊಡಬೇಕು ಅಂತ ಇಲ್ಲಿ ಟೆಕ್ಸಸ್ ರಾಜ್ಯದ ನಿಯಮ ಹೇಳುತ್ತೆ. ಇಲ್ಲದಿರೋದು ಮಾಜಿ ಸೈನಿಕರ ಆಸ್ಪತ್ರೆಗಳಂಥ ಕೇಂದ್ರ ಸರ್ಕಾರದವು.

ನಾಗು ಹುಬ್ಬಳ್ಳಿ: ಈ ಡೇಟಾ ಒಟ್ಟು ಮಾಡೋದು ಹೆಂಗ, ಅದನ್ನರೆ ಹೇಳು.

ಶ್ರೀಧರ ಆಸ್ಟಿನ್: ರೋಗಿ ಹೋದ್ಮೇಲೆ ಡಿಸ್ಚಾರ್ಜ್ ಸಮ್ಮರಿ ನೋಡಿ ಕೋಡರ್ ಒಂದು ಮುಖ್ಯ ರೋಗನಿದಾನ, ಇತರೆ 24ರವರೆಗೆ, ಜೊತೆಗೆ ಶಸ್ತ್ರಚಿಕಿತ್ಸೆಗಳ ಕೋಡು ಹಾಕ್ತಾರೆ. ಪ್ರತಿ ರೋಗನಿದಾನದ ಪಕ್ಕ, ಬರುವಾಗಲೇ ಇತ್ತಾ, ಒಳಗೆ ಬಂದ್ಮೇಲೆ ಆಯ್ತಾ ಅನ್ನೋ ಗುರುತು. ಕ್ಲೇಮ್ ವಿಮೆಗೆ ಹೋಗುತ್ತೆ, ಅದೇ ದತ್ತಾಂಶದ ಪ್ರತಿ ರಾಜ್ಯದ ಸಂಸ್ಥೆಗೂ ಹೋಗುತ್ತೆ. ಟೆಕ್ಸಸ್‌ನಲ್ಲಿ ಇದು ಮೂರು ತಿಂಗಳಿಗೊಮ್ಮೆ. ಅಲ್ಲಿ ತಪಾಸಣೆ: ಸೇರಿದ ದಿನಕ್ಕಿಂತ ಮೊದಲೇ ಡಿಸ್ಚಾರ್ಜ್, ಗಂಡಸಿಗೆ ಹೆರಿಗೆ, ಇಂಥವು ಸಿಕ್ಕರೆ ವಾಪಸ್. ತಿದ್ದಿ ಕಳಿಸಿದ್ಮೇಲೆ ಆಸ್ಪತ್ರೆಯವರು ಇದು ನಮ್ಮದೇ ಅಂತ ದೃಢೀಕರಿಸಬೇಕು. ಕೇಂದ್ರದ ಆರೋಗ್ಯ ಸಂಶೋಧನಾ ಸಂಸ್ಥೆ ಎಎಚ್‌ಆರ್‌ಕ್ಯೂ ಬೇರೆ ಬೇರೆ ರಾಜ್ಯಗಳ ಫೈಲುಗಳನ್ನ ತಗೊಂಡು ಒಂದೇ ರೂಪಕ್ಕೆ ತರುತ್ತೆ, ಅದೇ ಎಚ್‌ಸಿಯುಪಿ. ಹರ್ಷನ ಗ್ರಾಫು ಬಂದಿರೋದು ಅಲ್ಲಿಂದ.

ವೀಣಾ: ಬಿಲ್ ಟೈಪ್ ಹೇಳು ಶ್ರೀಧರ. ಎಡವೋದೇ ಅಲ್ಲಿ.

ಶ್ರೀಧರ ಆಸ್ಟಿನ್: ಹೌದು. ಬಿಲ್ ಯಾವ ಥರದ್ದು ಅಂತ ಹೇಳೋ ಸಂಖ್ಯೆ ಅದು. 111 ಅಂದ್ರೆ ಸೇರಿದ್ದರಿಂದ ಬಿಡುಗಡೆವರೆಗೆ ಒಂದೇ ಬಿಲ್. ಎರಡು ಮೂರು ತಿಂಗಳು ಮಲಗಿದವರಿಗೆ ನಡುವೆ ನಡುವೆ ಬಿಲ್ ಹಾಕ್ತಾರೆ: 112 ಮೊದಲನೇದು, 113 ಮಧ್ಯದ್ದು, 114 ಕೊನೇದು. ಈ ಮೂರನ್ನ ಹೊಲಿದು ಒಂದು ಮಾಡದಿದ್ರೆ ಒಬ್ಬನೇ ರೋಗಿ ಮೂರು ಡಿಸ್ಚಾರ್ಜ್ ಆಗ್ತಾನೆ. 117 ಹಳೇ ಬಿಲ್ಲಿನ ಬದಲಿ, 118 ರದ್ದು. ಅವನ್ನ ಸರಿಯಾಗಿ ಅನ್ವಯಿಸದಿದ್ರೆ ಸತ್ತ ಬಿಲ್ಲೂ ಎಣಿಕೆಗೆ ಸೇರುತ್ತೆ.

ಹರ್ಷ: ಸರಿ, ಹೊಲಿದ್ರು. ಆಗಲಾದ್ರೂ ಫೈಲಿನ ಒಂದು ಸಾಲು ಅಂದ್ರೆ ಒಬ್ಬ ಮನುಷ್ಯ ತಾನೇ?

ವೀಣಾ: ಅಲ್ವೇ ಅಲ್ಲ. ಇಲ್ಲಿಂದ ಇನ್ನೊಂದು ಆಸ್ಪತ್ರೆಗೆ ಕಳಿಸಿದ್ರೆ ಇಲ್ಲಿ ಸ್ಟೇಟಸ್ 02 ಅಂತ ಒಂದು ಸಾಲು, ಅಲ್ಲಿ ಇನ್ನೊಂದು. ಹೆರಿಗೆಗೆ ತಾಯಿದೊಂದು ಮಗುದೊಂದು. ಎರಡು ರಾತ್ರಿ ಅದೇ ವಾರ್ಡಲ್ಲಿ ಮಲಗಿದ್ದರೂ 'ಅಬ್ಸರ್ವೇಶನ್' ಅಂತ ಬರೆದರೆ ಹೊರರೋಗಿ, ಈ ಫೈಲಿನಲ್ಲಿ ಸಾಲೇ ಇಲ್ಲ. 'ಇಷ್ಟು ಜನ ಆಸ್ಪತ್ರೆ ಸೇರಿದರು' ಅಂತ ಶೀರ್ಷಿಕೆ ಕೊಡೋರಿಗೆ ಇದನ್ನ ಯಾರಾದ್ರೂ ಹೇಳ್ಬೇಕು.

ನಾಗು ಹುಬ್ಬಳ್ಳಿ: ಮತ್ತ ಖರ್ಚಿನ ಕಾಲಂ?

ಶ್ರೀಧರ ಆಸ್ಟಿನ್: ಅದು ಆಸ್ಪತ್ರೆ ಹೇಳಿದ ಬೆಲೆ, ಬಂದ ದುಡ್ಡಲ್ಲ. ನಿಜವಾದ ವೆಚ್ಚ ಬೇಕಾದ್ರೆ ಆಯಾ ಆಸ್ಪತ್ರೆಯ ವೆಚ್ಚ ಮತ್ತು ಬೆಲೆಯ ಅನುಪಾತದಿಂದ ಗುಣಿಸ್ಬೇಕು.

ಹರ್ಷ: ನನ್ನ ಮೂಲ ಮಾತಿಗೆ ಬನ್ನಿ. ಅಕ್ಟೋಬರಿಗೆ ಮೊದಲೂ ಗೆರೆ ಏರ್ತಾನೇ ಇತ್ತು. ಅದೂ ಕೋಡಿನ ಮಾಯೆನಾ?

ವೀಣಾ: ಇಲ್ಲ, ಅದು ನಿಜ. ಆ ಏರಿಕೆಯ ಬಗ್ಗೆ ನನ್ನ ತಕರಾರಿಲ್ಲ. ಮೆಟ್ಟಿಲನ್ನ ರೋಗದ ಲೆಕ್ಕಕ್ಕೆ ಸೇರಿಸಬೇಡ ಅಂತಷ್ಟೆ.

ಹರ್ಷ: ಮೆಟ್ಟಿಲು ಪೂರ್ತಿ ಕೋಡಿಂದು ಅಂತಲೂ ಹೇಳಕ್ಕಾಗಲ್ಲ.

ವೀಣಾ: ಹಾಗಿದ್ರೆ ಬಿಡಿಸಿ ನೋಡು. ವಿಷಪ್ರಾಶನ, ಚಟ, ಅಡ್ಡಪರಿಣಾಮ ಬೇರೆ ಬೇರೆ ಗೆರೆ ಎಳಿ. ಅಡ್ಡಪರಿಣಾಮದ ಗೆರೆ ಉಳಿದವಕ್ಕಿಂತ ಎಷ್ಟೋ ಜೋರಾಗಿ ಹಾರುತ್ತೆ. ರೋಗ ಒಂದೇ ತ್ರೈಮಾಸಿಕದಲ್ಲಿ ಹಾಗೆ ಒಂದೇ ಗುಂಪನ್ನ ಆರಿಸಿಕೊಂಡು ಹಾರಲ್ಲ.

ನಾಗು ಹುಬ್ಬಳ್ಳಿ: ಹೆಸರು ತಗದು ಎಲ್ಲಾರಿಗೂ ಕೊಡ್ತಾರಂತಲ್ಲ, ಗುಟ್ಟು ಉಳಿತದೇನು?

ಶ್ರೀಧರ ಆಸ್ಟಿನ್: ವಾಷಿಂಗ್ಟನ್ ರಾಜ್ಯ ಇದೇ ಥರದ ಫೈಲನ್ನ 50 ಡಾಲರಿಗೆ ಮಾರ್ತಿತ್ತು. ಲಟಾನ್ಯಾ ಸ್ವೀನಿ ಅನ್ನೋ ಹಾರ್ವರ್ಡ್ ಪ್ರೊಫೆಸರ್ ಅದನ್ನ ಕೊಂಡು, ಪತ್ರಿಕೆಗಳಲ್ಲಿ ಬಂದ ಅಪಘಾತದಂಥ 81 ಸುದ್ದಿಗಳ ಜೊತೆ ಹೋಲಿಸಿ 35ರಲ್ಲಿ ರೋಗಿ ಯಾರು ಅಂತ ಪತ್ತೆ ಮಾಡಿದ್ರು. 2013ರ ಮಾತು. ವಯಸ್ಸು, ಪಿನ್‌ಕೋಡು, ಸೇರಿದ ತಿಂಗಳು, ಇಷ್ಟು ಸಾಕು. ಆಮೇಲೆ ಆ ರಾಜ್ಯ ನಿಯಮ ಬಿಗಿ ಮಾಡ್ತು. ಟೆಕ್ಸಸ್‌ನ ಸಾರ್ವಜನಿಕ ಫೈಲಿನಲ್ಲಿ ಎಚ್‌ಐವಿ, ಮಾದಕ ವ್ಯಸನದ ಸಾಲುಗಳಲ್ಲಿ ಲಿಂಗ, ಪಿನ್‌ಕೋಡು ತೆಗೆದಿರ್ತಾರೆ.

ನಾಗು ಹುಬ್ಬಳ್ಳಿ: ನಮ್ಮ ರಾಜ್ಯದಾಗ ಇಂಥಾದ್ದು ಮಾಡಿದ್ರ?

ವೀಣಾ: ಆರೋಗ್ಯ ಕರ್ನಾಟಕದ ಕ್ಲೇಮುಗಳು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ ಹೋಗ್ತವೆ. ಅದು ಆ ಯೋಜನೆಯ ರೋಗಿಗಳದ್ದು ಮಾತ್ರ. ಕೈಯಿಂದ ದುಡ್ಡು ಕಟ್ಟಿ ಹೋದವರು ಅದರಲ್ಲಿ ಬರಲ್ಲ.

ಹರ್ಷ: ಆಯ್ತು, ಗ್ರಾಫ್ ಡಿಲೀಟ್ ಮಾಡಲ್ಲ. ಅಕ್ಟೋಬರ್ 1ಕ್ಕೆ ಮೇಲಿಂದ ಕೆಳಗೆ ಒಂದು ಗೆರೆ ಹಾಕಿ, 'ಇಲ್ಲಿ ಕೋಡ್ ಬದಲಾಗಿದೆ' ಅಂತ ಬರೆದು ಮತ್ತೆ ಹಾಕ್ತೀನಿ.

ವೀಣಾ: ಆ ಗೆರೆ ಹಾಕಿದ್ಮೇಲೆ ಎರಡೂ ಕಡೆಯ ಚುಕ್ಕೆಗಳನ್ನ ಜೋಡಿಸಬೇಡ ಮತ್ತೆ.