ಅಪ್‌ಡೇಟ್: ಪೈಥಾನ್ ಟ್ಯಾಂಕಿನ ಬಂಡೆಗಲ್ಲು ಮುಗೀತ್ರಿ

ಹೋದ ತಿಂಗಳು ಇಲ್ಲೇ ನಿಮ್ಮನ್ನ ಕೇಳಿದ್ನಲ್ರಿ, ನಾ ಸಾಕಿದ ಬಾಲ್ ಪೈಥಾನ್ (ವಿಷ ಇಲ್ಲದ ಸಣ್ಣ ಜಾತಿ ಹೆಬ್ಬಾವು) ಇರೋ ಗಾಜಿನ ಟ್ಯಾಂಕಿನ ಒಳಗ, ಹಿಂದಿನ ಗೋಡಿಗೆ ಥರ್ಮಾಕೋಲಿನ್ಯಾಗ ಬಂಡೆಗಲ್ಲಿನಂಗ ಮಾಡಿದ್ರ ಹಾವಿಗೆ ತ್ರಾಸ ಆಗತೈತೇನು ಅಂತ, ಅದು ಈಗ ಮುಗದೈತಿ. ನಾವು ಗಂಗಾವತಿಯವ್ರು, ಆನೆಗೊಂದಿ ಕಡೆ ಹೋಗಿ ಬಂಡೆ ಮ್ಯಾಲ ಬಂಡೆ ಹೆಂಗ ಕುಂತಾವು, ಮಳಿನೀರು ಇಳದು ಕರೀ ಗೆರಿ ಹೆಂಗ ಬಿದ್ದಾವು ಅಂತ ಫೋಟೋ ತಕ್ಕೊಂಡು ಬಂದು ಅದನ್ನ ನೋಡ್ಕೋಂತ ಕೆತ್ತಿದೆ. ಮೊದಲ ಸಲ ಸ್ಪ್ರೇ ಪೇಂಟ್ ಹೊಡದೆ, ಥರ್ಮಾಕೋಲ್ ಕರಗಿ ತೂತು ಬಿದ್ದು ಎರಡು ದಿನದ ಕೆಲಸ ಹಾಳಾತು, ಭಾಳ ಬ್ಯಾಸರಾತು. ಆಮ್ಯಾಲ ನೀವು ಹೇಳಿದಂಗ ಟೈಲ್ಸ್ ಗ್ರೌಟ್ (ಟೈಲ್ಸ್ ಸಂದಿ ತುಂಬೋ ಸಿಮೆಂಟಿನಂಥ ಪುಡಿ) ಕಲಸಿ ಮೂರು ಕೋಟ್, ಮೊದಲನೇದು ತೆಳ್ಳಗ, ಅದರ ಮ್ಯಾಲ ನೀರಿನ ಅಕ್ರಿಲಿಕ್ ಬಣ್ಣ. ಅಂಟಿಸಾಕ ಅಕ್ವೇರಿಯಂ ಸಿಲಿಕಾನ್, ಒಣಗೋವಾಗ ವಿನಿಗರ್ ವಾಸನಿ ಹೊಡಿತೈತಿ, ಅದು ಪೂರ್ತಿ ಹೋಗೋತನಕ ಹತ್ತು ದಿನ ಹಾವನ್ನ ಬ್ಯಾರೆ ಡಬ್ಬಿಯಾಗ ಇಟ್ಟಿದ್ದೆ. ಒಂದು ಮಾತು, ಹಿಂದ ಸಂದಿ ಬಿಡಬ್ಯಾಡ್ರಿ, ತಲಿ ಹಿಡಿಯೋವಷ್ಟು ಜಾಗ ಇದ್ರ ಸಾಕು ಹಾವು ಒಳಗ ಹೊಕ್ಕು ಸಿಗಾಕ್ಕೋತೈತಿ, ನಾ ಸುತ್ತಲೂ ಸಿಲಿಕಾನ್ ತುಂಬೀನಿ.

ಹಾವು ಸಾಕಾಕ ಲೈಸೆನ್ಸ್ ಐತೇನು ಅಂತ ಕೇಳಿದವ್ರಿಗೆ: ಇದು ಆಫ್ರಿಕಾದ ಹಾವು, ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲಿನ್ಯಾಗ ರಿಜಿಸ್ಟರ್ ಮಾಡಿಸೀನಿ. ನಮ್ಮ ಹೊಲದಾಗಿನ ನಾಗರ, ಕೇರೆ ಹಿಡಿದು ಸಾಕೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ದಯವಿಟ್ಟು ಮಾಡಬ್ಯಾಡ್ರಿ.

ನಿನ್ನೆ ರಾತ್ರಿ ಲೈಟ್ ಆರಿಸಿದ ಮ್ಯಾಲ ಮೊದಲ ಸಲ ಹಾವು ಬಂಡೆಯ ಮ್ಯಾಲಿನ ಕಟ್ಟಿ ಹತ್ತಿ ಸುತ್ತಿಕೊಂಡು ಮಲಗಿತ್ರಿ, ನೋಡಿ ಕಣ್ಣು ತುಂಬಿ ಬಂತು.