ಪದ ಬೇಕು: ಒಸಿಡಿ ಕರಪತ್ರಕ್ಕೆ, ತುರ್ತು

ಉಡುಪಿಯಿಂದ:
ನಮಸ್ಕಾರ. ಇಲ್ಲಿಯ ಒಂದು ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರಪತ್ರ ಅನುವಾದಿಸುತ್ತಿದ್ದೇನೆ. ತೀವ್ರ ಒಸಿಡಿಯಿಂದ (ಬೇಡದ ಯೋಚನೆ ಮತ್ತೆ ಮತ್ತೆ ಬಂದು, ಕೈ ತೊಳೆಯುವಂಥ ಕೆಲಸವನ್ನು ಪದೇ ಪದೇ ಮಾಡಿಸುವ ಕಾಯಿಲೆ) ದಾಖಲಾದವರಿಗೂ ಅವರ ಮನೆಯವರಿಗೂ ಕೊಡುವಂಥದ್ದು. ಕಾಯಿಲೆಗೆ ‘ಗೀಳು ಮನೋರೋಗ’ ಹಾಕಿದ್ದೇನೆ. ‘ಎಕ್ಸ್‌ಪೋಷರ್ ಆಂಡ್ ರೆಸ್ಪಾನ್ಸ್ ಪ್ರಿವೆನ್ಷನ್’ ಎಂಬ ಇದರ ಚಿಕಿತ್ಸೆಗೆ ಏನನ್ನೋಣ? ‘ಒಡ್ಡಿಕೆ ಮತ್ತು ಪ್ರತಿಕ್ರಿಯಾ ತಡೆ’ ಅಂತ ಬರೆದದ್ದು ಯಾರಿಗೂ ಅರ್ಥವಾಗಲಿಲ್ಲ. ನಾಳೆ ಸಂಜೆ ಪ್ರೆಸ್ಸಿಗೆ ಕೊಡಬೇಕು.

ಮೈಸೂರಿನಿಂದ:
‘ಗೀಳು’ ಬೇಡವೇ ಬೇಡ. ಮೊಬೈಲ್ ಗೀಳು, ಕ್ರಿಕೆಟ್ ಗೀಳು ಖುಷಿಯವು. ‘ವ್ಯಸನ’ ಎನ್ನಿ. ಆ ಪದಕ್ಕೆ ದುಃಖ, ಸಂಕಟ ಎಂಬ ಹಳೆಯ ಅರ್ಥ ಇದೆ. ಇನ್ನೊಂದಕ್ಕೆ ‘ಪ್ರತಿಕ್ರಿಯಾ ನಿರೋಧ’ ಸರಿ.

ಮಂಗಳೂರಿನಿಂದ:
‘ವ್ಯಸನ’ ಆಗದು. ನಮ್ಮ ಕಡೆ ಆ ಪದ ಕಂಡರೆ ಮದ್ಯವರ್ಜನ ಶಿಬಿರ ಅಂದುಕೊಳ್ಳುತ್ತಾರೆ. ‘ಗೀಳು’ ಆಗಲೇ ಬಳಕೆಗೆ ಬಂದಿದೆ, ಇರಲಿ. ಪಕ್ಕದಲ್ಲಿ ಒಸಿಡಿ ಅಂತಲೂ ಹಾಕಿ, ಡಾಕ್ಟರು ಹೇಳುವುದು ಅದನ್ನೇ ಅಲ್ವಾ.

ನನಗೆ ಚಿಂತೆ ‘ತಡೆ’, ‘ನಿರೋಧ’ಗಳದ್ದು. ಇದನ್ನು ಓದಿದ ಮನೆಯವರು ಸೀದಾ ಹೋಗಿ ಬಚ್ಚಲಿಗೆ ಬೀಗ ಹಾಕುತ್ತಾರೆ. ಚಿಕಿತ್ಸೆ ಹಾಗಲ್ಲ. ಹೆದರಿಕೆ ಹುಟ್ಟಿಸುವ ವಸ್ತುವನ್ನು ರೋಗಿ ತಾನೇ ಒಪ್ಪಿ ಮುಟ್ಟಬೇಕು, ಆಮೇಲೆ ಕೈ ತೊಳೆಯದೆ ಕೂರಬೇಕು. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಕಳವಳ ಜಾಸ್ತಿಯಾಗುತ್ತದೆ, ಕಾದರೆ ಇಳಿಯುತ್ತದೆ. ಥೆರಪಿಸ್ಟ್ ಜೊತೆಗಿರುತ್ತಾರೆ. 1966ರಲ್ಲಿ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ಈ ಚಿಕಿತ್ಸೆಯ ಬಗ್ಗೆ ಬರೆದಾಗ, ಆಸ್ಪತ್ರೆಯಲ್ಲಿ ನರ್ಸ್‌ಗಳು ಕಾವಲಿದ್ದು ತಡೆಯುತ್ತಿದ್ದರು. ಈಗ ರೋಗಿಯೇ ತನ್ನನ್ನು ಹಿಡಿದುಕೊಳ್ಳುವುದನ್ನು ಕಲಿಯಬೇಕು.

ಇದಕ್ಕೆ ಕನ್ನಡದಲ್ಲಿ ‘ಕೊಳ್ಳು’ ಇದೆಯಲ್ಲ! ‘ತಡೆಯುವುದು’ ಬೇರೆಯವರ ಕೆಲಸ. ‘ತಡೆದುಕೊಳ್ಳುವುದು’ ತನ್ನದು. ನೋವು ತಡೆದುಕೊಂಡ ಅಂತಲೂ ಹೇಳುತ್ತೇವೆ. ಎರಡೂ ಅರ್ಥ ಇಲ್ಲಿ ಬೇಕು. ‘ಎದುರಿಸಿ ತಡೆದುಕೊಳ್ಳುವ ಚಿಕಿತ್ಸೆ’ ಎಂದು ಹಾಕಿ. ಕೈ ತೊಳೆಯುವವರಿಗೂ ಬೀಗ ಎಳೆದೆಳೆದು ನೋಡುವವರಿಗೂ ಇದು ಹೊಂದುತ್ತದೆ.

ಮೈಸೂರಿನಿಂದ:
ಒಸಿಡಿ, ಥೆರಪಿಸ್ಟ್, ನರ್ಸ್. ಕನ್ನಡ ಎಲ್ಲಿದೆ ಇದರಲ್ಲಿ? ಒಪ್ಪಲಾರೆ.

ಮಂಗಳೂರಿನಿಂದ:
‘ವ್ಯಸನ’, ‘ನಿರೋಧ’ ಎರಡೂ ಸಂಸ್ಕೃತದಿಂದ ಬಂದವು, ಸ್ವಾಮಿ. ನರ್ಸನ್ನು ನರ್ಸ್ ಎಂದು ಕರೆಯುವವರೇ ಇದನ್ನು ಓದುವುದು. ಆ ಜಗಳ ಬೇರೆ ದಿನ ಆಡೋಣ.

ಉಡುಪಿಯವರೇ, ಇನ್ನೆರಡು ಮಾತು. ‘ಕೈ ಶುದ್ಧ ಉಂಟಾ?’ ಎಂದು ರೋಗಿ ಮತ್ತೆ ಮತ್ತೆ ಕೇಳಿದರೆ, ಪ್ರತಿಸಲ ‘ಉಂಟು’ ಅನ್ನಬೇಡಿ ಎಂದು ಮನೆಯವರಿಗೆ ಬರೆಯಿರಿ. ಆ ಸಮಾಧಾನವೇ ಕಾಯಿಲೆಯನ್ನು ಸಾಕುತ್ತದೆ. ಮಾತ್ರೆಯ ಗುಣ ಕಾಣಲು 10-12 ವಾರ ಬೇಕಾಗಬಹುದು ಎಂಬುದನ್ನೂ ದಪ್ಪ ಅಕ್ಷರದಲ್ಲಿ ಹಾಕಿಸಿ. ಸುಮಾರು ಜನ ಅಷ್ಟರೊಳಗೆ ನಿಲ್ಲಿಸಿಬಿಡುತ್ತಾರೆ.