ಬಿ.ಎಸ್ಸಿ. ಮುಗಿಯಿತು, ಟೆಸ್ಟ್ ಒಂದೊಂದು ಸಲ ಒಂದೊಂದು ಹೇಳುತ್ತೆ. ನನಗೆ ಯಾವ ಕೆಲಸ ಒಗ್ಗುತ್ತೆ?

ಸಕಲೇಶಪುರದ ಹುಡುಗಿ:

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಬಿ.ಎಸ್ಸಿ. ಮುಗಿಸಿದ್ದೇನೆ, ಕೆಮಿಸ್ಟ್ರಿ ಮತ್ತು ಬಾಟನಿ. ಊರಲ್ಲಿ ಸಣ್ಣ ಕಾಫಿ ತೋಟ ಇದೆ. ಅಪ್ಪ ಬಿ.ಎಡ್. ಮಾಡು ಅಂತಾರೆ. ಮಾವ ಕೆಪಿಎಸ್‌ಸಿಗೆ ಓದು ಅಂತಾರೆ. ಗೆಳತಿಯರೆಲ್ಲ ಬೆಂಗಳೂರು ಸೇರಿಯಾಯಿತು. ಯಾರನ್ನು ಕೇಳಿದರೂ ‘ಮೊದಲು ನಿನ್ನನ್ನು ನೀನು ತಿಳ್ಕೋ’ ಅಂತಾರೆ. ಹೇಗೆ ತಿಳಿದುಕೊಳ್ಳೋದು ಅಂತ ಮಾತ್ರ ಯಾರೂ ಹೇಳುತ್ತಿಲ್ಲ.

ಆನ್‌ಲೈನ್‌ನಲ್ಲಿ ಆ ನಾಲ್ಕು ಅಕ್ಷರದ ವ್ಯಕ್ತಿತ್ವದ ಟೆಸ್ಟ್ ಮಾಡಿದೆ. ಮೊದಲ ಸಲ ಅಂತರ್ಮುಖಿ ಅಂತ ಬಂತು. ಸ್ವಲ್ಪ ದಿನ ಬಿಟ್ಟು ಮಾಡಿದರೆ ಬಹಿರ್ಮುಖಿ! ಇದನ್ನು ನಂಬಿ ಕೋರ್ಸ್ ಆರಿಸಬಹುದಾ? ಇಂಥ ಗೊಂದಲ ದಾಟಿ ಬಂದವರು ಇದ್ದರೆ ದಯವಿಟ್ಟು ಹೇಳಿ.

ಕ್ಯೂರಿಂಗ್ ವರ್ಕ್ಸ್ ಅಣ್ಣ, ಚಿಕ್ಕಮಗಳೂರು:

ತಂಗಿ, ಟೆಸ್ಟ್ ಬದಲಾಯಿತು ಅಂತ ಗಾಬರಿ ಬೇಡ. ಆ ಟೆಸ್ಟ್ ಜನರನ್ನು ಗೆರೆಯ ಈ ಕಡೆ, ಆ ಕಡೆ ಅಂತ ಎರಡೇ ಪಾಲು ಮಾಡುತ್ತದೆ. ನಮ್ಮಲ್ಲಿ ಎಷ್ಟೋ ಜನ ಗೆರೆಯ ಹತ್ತಿರವೇ ಇರುತ್ತೇವೆ. ಆವತ್ತಿನ ಮನಸ್ಸು ಸ್ವಲ್ಪ ಬೇರೆ ಇದ್ದರೂ ಅಕ್ಷರ ಬದಲಾಗುತ್ತದೆ. ಅದನ್ನು ನೋಡಿ ಕೋರ್ಸ್ ಆರಿಸಬೇಡ.

ಟೆಸ್ಟ್ ಬೇಕೇ ಬೇಕು ಅಂದರೆ ಆಸಕ್ತಿ ಕೇಳುವಂಥದ್ದನ್ನು ಮಾಡು. ಜಾನ್ ಹಾಲೆಂಡ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ 1959ರಲ್ಲಿ ಬರೆದ ವಿಚಾರದಿಂದ ಬೆಳೆದದ್ದು. ಕೈಕೆಲಸ, ಹುಡುಕಾಟ, ಕಲೆ, ಜನರಿಗೆ ನೆರವು, ವ್ಯವಹಾರ, ಲೆಕ್ಕಪತ್ರದ ಅಚ್ಚುಕಟ್ಟು ಅಂತ ಆರು ಬಗೆ. ಅಲ್ಲಿನ ಕಾರ್ಮಿಕ ಇಲಾಖೆಯವರು ‘ಓ-ನೆಟ್’ ತಾಣದಲ್ಲಿ ಇಂಥದ್ದೊಂದನ್ನು ಪುಕ್ಕಟೆ ಇಟ್ಟಿದ್ದಾರೆ. 60 ಪ್ರಶ್ನೆ ಅಷ್ಟೇ. ‘ನೀನು ಎಂಥವಳು’ ಅಂತ ಕೇಳೋದಿಲ್ಲ, ‘ಈ ಕೆಲಸ ಮಾಡೋಕೆ ಇಷ್ಟವಾ’ ಅಂತ ಕೇಳುತ್ತದೆ. ಕೊನೆಯಲ್ಲಿ ಬರುವ ಉದ್ಯೋಗದ ಪಟ್ಟಿ ಅಮೆರಿಕದ್ದು, ಅದನ್ನು ಬಿಟ್ಟುಬಿಡು. ಯಾವ ಪ್ರಶ್ನೆಗೆ ಕೈ ತಾನಾಗಿ ‘ಹೌದು’ ಅಂತ ಒತ್ತಿತು, ಅದನ್ನು ಬರೆದಿಟ್ಟುಕೋ.

ನನಗೆ ಅದಕ್ಕಿಂತ ಮುಖ್ಯ ಅನಿಸೋದು ಇನ್ನೊಂದು. ಮನೆಯಲ್ಲಿ ಯಾರೂ ಹೇಳದೆ ನೀನು ಮಾಡುವ ಕೆಲಸ ಯಾವುದು? ಕೊಯ್ಲಿನ ಹೊತ್ತಲ್ಲಿ ತೋಟದ ಮನೆಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಒಬ್ಬರು ಆಳುಗಳ ಜೊತೆ ಮಾತಾಡುತ್ತಾ ಕೆಲಸ ತೆಗೆಸುತ್ತಾರೆ. ಒಬ್ಬರು ಕೆಟ್ಟ ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಬಿಚ್ಚಿಕೊಂಡು ಕೂರುತ್ತಾರೆ. ಇನ್ನೊಬ್ಬರು ಬಟವಾಡೆ ಪುಸ್ತಕ ಬಿಟ್ಟು ಏಳೋದಿಲ್ಲ. ತೋಟ ಒಂದೇ, ಕೊಯ್ಲು ಒಂದೇ, ಒಬ್ಬೊಬ್ಬರಿಗೆ ಒಂದೊಂದು ಹಿಡಿಸುತ್ತದೆ. ನೀನು ಎಲ್ಲಿರುತ್ತೀಯ?

ಹಾಸನದ ಟೀಚರ್:

ಅಪ್ಪ ಹೇಳಿದರು ಅಂತ ಮಾತ್ರಕ್ಕೆ ಬಿ.ಎಡ್. ಮಾಡಬೇಡಮ್ಮ. ಅಪ್ಪ ಹೇಳಿದರು ಅಂತ ಮಾತ್ರಕ್ಕೆ ಬಿಡಲೂಬೇಡ. ಎರಡು ವರ್ಷದ ಓದು ಅದು. ಸೇರುವ ಮೊದಲು ಊರಿನ ಐದಾರು ಮಕ್ಕಳಿಗೆ ಸಂಜೆ ಲೆಕ್ಕ ಹೇಳಿಕೊಡು. ಭಿನ್ನರಾಶಿ ಮೂರನೇ ಸಲ ಹೇಳಿದರೂ ಮಗು ತಲೆ ಕೆರೆದುಕೊಳ್ಳುತ್ತಾ ಕೂತಿರುತ್ತದೆ ನೋಡು, ಆಗ ನಿನಗೆ ಏನನಿಸುತ್ತದೆ ಅಂತ ಗಮನಿಸು. ‘ಬೇರೆ ಹೇಗೆ ಹೇಳಲಿ’ ಅಂತ ಹೊಳೆದರೆ ನೀನು ಟೀಚರ್ ಆಗಬಹುದು. ಬರೀ ಸಿಟ್ಟು ಬಂದರೆ ನಿನಗೂ ಕಷ್ಟ, ಮಕ್ಕಳಿಗೂ ಕಷ್ಟ.

ಮನೆಯ ದುಡ್ಡಿನ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ಹಿಡಿ. ಎಷ್ಟು ದಿನ ಸಂಬಳವಿಲ್ಲದೆ ಕಲಿಯಬಹುದು ಅಂತ ಅಪ್ಪನ ಹತ್ತಿರ ನೇರವಾಗಿ ಕೇಳು.

ಸಕಲೇಶಪುರದ ಹುಡುಗಿ:

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ ಟೀಚರ್, ತಾಳ್ಮೆ ಸಾಲಲ್ಲ ನನಗೆ.

ಅಣ್ಣಾ, ನಾನು ಕಣದಲ್ಲಿರುತ್ತೇನೆ. ಹಣ್ಣು ನೀರಿಗೆ ಹಾಕಿ ತೇಲು ತೆಗೆಯೋದು, ಹಸಿರು ಆರಿಸೋದು ನಾನೇ. ಒಣಗಿದೆಯಾ ಅಂತ ಬೀಜ ಕಚ್ಚಿ ನೋಡುತ್ತೇನೆ. ಒಂದು ನೋಟ್‌ಬುಕ್ ಇದೆ. ತೋಟದ ಯಾವ ಪಟ್ಟೆಯ ಹಣ್ಣು, ಎಷ್ಟು ದಿನ ಬಿಸಿಲು, 50 ಕೆ.ಜಿ. ಮೂಟೆಗೆ ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ತೂಕ) ಎಷ್ಟು ಬಂತು ಅಂತ ಬರೆಯುತ್ತೇನೆ. ಇಳಿಜಾರಿನ ಪಟ್ಟೆಯದ್ದು ಯಾವಾಗಲೂ ಜಾಸ್ತಿ ಬರುತ್ತೆ, ಯಾಕೆ ಅಂತ ಗೊತ್ತಿಲ್ಲ. ಸುಮ್ನೆ ಬರೆದಿದ್ದು. ಇದು ಒಂದು ಕೆಲಸ ಆಗುತ್ತಾ?

ಕ್ಯೂರಿಂಗ್ ವರ್ಕ್ಸ್ ಅಣ್ಣ, ಚಿಕ್ಕಮಗಳೂರು:

ಆಗುತ್ತೆ ತಂಗಿ! ನನ್ನ ಹೊಟ್ಟೆ ತುಂಬಿಸುತ್ತಿರೋದೇ ಅದು. ಒಣಗಿದ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ರುಚಿ ನೋಡಿ ಗುಣಮಟ್ಟ ಹೇಳೋದು ನನ್ನ ಕೆಲಸ.

ನಮ್ಮ ಟೇಬಲ್ ಹೇಗಿರುತ್ತೆ ಹೇಳ್ತೀನಿ ಕೇಳು. ಒಂದೇ ಕಾಫಿಗೆ ಐದು ಬಟ್ಟಲು. ಒಂದೊಂದಕ್ಕೆ ಎಂಟು ಗ್ರಾಂ ಚಿಲ್ಲರೆ ಪುಡಿ. ಮೊದಲು ಒಣ ಪುಡಿಯ ವಾಸನೆ ನೋಡಬೇಕು. ಆಮೇಲೆ ಕುದಿ ಇಳಿದ ಬಿಸಿನೀರು ಹುಯ್ಯಬೇಕು. ಪುಡಿ ಮೇಲೆ ಬಂದು ಕೆನೆ ಕಟ್ಟುತ್ತದೆ. ನಾಲ್ಕು ನಿಮಿಷಕ್ಕೆ ಚಮಚದ ಬೆನ್ನಿನಿಂದ ಆ ಕೆನೆ ಒಡೆದು ಮೂಗು ಹತ್ತಿರ ಹಿಡಿಯಬೇಕು. ಸ್ವಲ್ಪ ಆರಿದ ಮೇಲೆ ಚಮಚದಿಂದ ಜೋರಾಗಿ ಸುರ್ ಅಂತ ಎಳೆದು, ರುಚಿ ನೋಡಿ, ಉಗುಳಿ, ಬರೆಯಬೇಕು. ಐದರಲ್ಲಿ ಒಂದೇ ಬಟ್ಟಲು ಹುಳಿ ಹೊಡೆದರೂ ಹಣ್ಣು ಹೆಚ್ಚು ಹೊತ್ತು ಕೊಳೆಯಿತಾ, ಕಣದಲ್ಲಿ ಮಳೆ ಬಿತ್ತಾ ಅಂತ ಹಿಂದಕ್ಕೆ ಹುಡುಕಿಕೊಂಡು ಹೋಗಬೇಕು. ನೀನು ನೋಟ್‌ಬುಕ್ಕಲ್ಲಿ ಮಾಡಿರೋದು ಇದೇ ಹುಡುಕಾಟ ಅಲ್ವಾ? ಕೆಮಿಸ್ಟ್ರಿ, ಬಾಟನಿ ಎರಡೂ ಇಲ್ಲಿ ಕೆಲಸಕ್ಕೆ ಬರುತ್ತವೆ.

ಕಾಫಿ ಬೋರ್ಡ್‌ನವರದ್ದು ಕಾಫಿ ಗುಣಮಟ್ಟದ ಮೇಲೆ ಪಿ.ಜಿ. ಡಿಪ್ಲೊಮಾ ಇದೆ, ಒಂದು ವರ್ಷದ್ದು. ಬಾಟನಿ, ಕೆಮಿಸ್ಟ್ರಿ ಓದಿದವರನ್ನು ತೆಗೆದುಕೊಳ್ಳುತ್ತಾರೆ. ಹುರಿಯೋದು, ಕಾಫಿ ಮಾಡೋದು ಕಲಿಸುವ ಕೆಲವೇ ದಿನಗಳ ‘ಕಾಪಿ ಶಾಸ್ತ್ರ’ ತರಬೇತಿಯೂ ಇದೆ. ಮೊದಲು ಅಂಥ ಸಣ್ಣದಕ್ಕೆ ಹೋಗಿ ಬಾ. ಒಂದು ವಿಷಯ ಮಾತ್ರ ಮುಚ್ಚಿಡಲ್ಲ. ದಿನವಿಡೀ ನಿಂತೇ ಇರಬೇಕು, ಅದೇ ರುಚಿ ಮತ್ತೆ ಮತ್ತೆ. ಶುರುವಿನಲ್ಲಿ ಸಂಬಳವೂ ಬೆಂಗಳೂರಿನ ಐಟಿಯವರಂತೆ ಇರಲ್ಲ. ಸಂಜೆಯಾದರೂ ಮುಂದಿನ ಬಟ್ಟಲು ಏನು ಹೇಳುತ್ತೆ ಅಂತ ಕುತೂಹಲ ಉಳಿದಿದ್ದರೆ ಮುಂದುವರಿ.

ಈ ಸಲ ಅರೇಬಿಕಾ ಕೊಯ್ಲಾದಾಗ ಇಳಿಜಾರಿನ ಪಟ್ಟೆಯದ್ದು ಬೇರೆ, ಉಳಿದದ್ದು ಬೇರೆ ಒಣಗಿಸು. ಎರಡರಿಂದಲೂ ಒಂದೊಂದು ಕೆ.ಜಿ. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು ಒಳಪೊರೆ ಸಮೇತ ಒಣಗಿಸಿದ ಬೀಜ) ತೆಗೆದಿಡು, ಚೀಟಿ ಅಂಟಿಸು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ. ಬೆಳೆಗಾರರ ಪ್ರಶ್ನೆ ಅವರಿಗೆ ಹೊಸದಲ್ಲ. ಆ ಎರಡೂ ಕಾಫಿ ಹಿಡಿದು, ಅಪ್ಪನನ್ನೂ ಕರೆದುಕೊಂಡು ಅಲ್ಲಿಗೆ ಹೋಗು. ನೋಟ್‌ಬುಕ್ ಮರೆಯಬೇಡ.